ಅವ್ವನ ಎಡೆಗೊಂದು ಪ್ಲೇಯರ್

ಚಿತ್ರದುರ್ಗದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ, ರಿಪೇರಿಗೆ ಕೊಟ್ಟ ಮಿಕ್ಸಿಗಾಗಿ ಕಾದು ಕುಳಿತಿದ್ದ ತಿಪ್ಪೇರುದ್ರಪ್ಪನ ಪಕ್ಕದಲ್ಲೇ ಅಕ್ಕ, ತಮ್ಮ ಇಬ್ಬರು ಒಂದು ಡಿಸ್ಕಿನ ಡಬ್ಬಿ ಹಿಡಿದು ನಿಂತಿದ್ದರು. ಅಂಗಡಿಯವನು ಅವರ ಮುಂದೆ ಎರಡು ಡಿಸ್ಕ್ ಪ್ಲೇಯರ್ ಇಟ್ಟಿದ್ದ.

"ನಿಮ್ಮ ಡಿಸ್ಕು ಎರಡರಾಗೂ ಹಾಡುತ್ತೆ ಕಣ್ರಿ. ಸಾದಾದ್ರಾಗೆ ಬರೀ ಹಾಡು. ಇದ್ರಾಗೆ ಹಾಡೋರು ಉಸಿರು ಎಳ್ಕಳದೂ ಕೇಳುತ್ತೆ. ರೇಟೇನು ಬಾಳ ಹೆಚ್ಚಿಲ್ಲ," ಎಂದು ಹೇಳಿ ಅವನು ಬೇರೆ ಗಿರಾಕಿಯತ್ತ ಹೋದ.

"ಸಾದಾದೇ ಸಾಕು ಕಣೋ ಕನಕ," ಅಕ್ಕ ಪಿಸುಗುಟ್ಟಿದಳು.

"ಯಾಕಕ್ಕ? ರೆಕಾರ್ಡಿಂಗ್‌ನೋರು ಬಂದು ಅವ್ವನ ಸೋಬಾನೆ ಹಾಡು ಹಿಡ್ಕಂಡೋಗಿ ಈ ಡಿಸ್ಕು ಕೊಟ್ರಲ್ಲ, ಅವಳ ದನಿ ಇದೊಂದೇ ಉಳಿದಿರೋದು. ಅಮಾಸೆಗೆ ಎಡೆ ಇಟ್ಟಾಗ ಹಾಕಾಣ ಅಂದೋಳು ನೀನೇ."

"ಎಡೆ ಇಟ್ಟು, ಬಾಗ್ಲು ಮುಚ್ಚಿ, ನಾವೆಲ್ಲ ಹೊರಗೆ ಕುಂತಿರ್ತೀವಿ. ಒಳಗೆ ಅವ್ವ ಉಸಿರೆಳ್ಕಂಡು ಹಾಡಿದ್ರೆ ಮಿಷಿನ್ನೋ ಅವ್ವನೋ ಹೆಂಗ್ ತಿಳಿಯಾದು?"

"ಹೆದ್ರಿಕೇನಾ? ಬದುಕಿದ್ದಾಗ ಅವ್ವ ಪೊರಕೆ ಹಿಡ್ಕಂಡ್ರೂ ಹೆದರ್ತಿರ್ಲಿಲ್ಲ ನೀನು."

"ನಗಬ್ಯಾಡ ಲೇ. ಉಣ್ಣಾಕೆ ಬಂದೋಳು ತನ್ನ ದನಿ ಕೇಳಿ, ನಾನಿನ್ನೂ ಸತ್ತಿಲ್ಲ ಅನ್ಕಂಡ್ರೆ? ವಾಪಸ್ ಹೋಗ್ದೆ ಅಲ್ಲೇ ಕುಂತ್ಬಿಟ್ರೆ?"

ತಿಪ್ಪೇರುದ್ರಪ್ಪ ಮಿಕ್ಸಿ ಬಂತೇನೋ ಎಂದು ನೋಡುವವನಂತೆ ಮುಖ ತಿರುಗಿಸಿಕೊಂಡ. ಕನಕ ಡಿಸ್ಕಿನ ಡಬ್ಬಿಯನ್ನು ಅಂಗಿಗೆ ಒರೆಸಿದ. ಆಮೇಲೆ ಅಂಗಡಿಯವನನ್ನು ಕೂಗಿದ.

"ಉಸಿರು ಕೇಳುತ್ತೆ ಅಂದ್ರಲ್ಲ, ಅದನ್ನೇ ಕೊಡ್ರಿ."

ಅಕ್ಕ ಪ್ಲೇಯರಿನ ಡಬ್ಬವನ್ನು ತಾನೇ ಸೊಂಟಕ್ಕೇರಿಸಿಕೊಂಡು, ತಮ್ಮನಿಗಿಂತ ಮುಂದಾಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.