ಇನ್ನರ್ಧ ತಲೆ

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಿದ್ದ ನರ್ಸಮ್ಮನ ಕಿವಿ ನೆಟ್ಟಗಾದದ್ದು ಮುಂದಿನ ಸೀಟಿನ ಇಬ್ಬರು ಹೈಸ್ಕೂಲು ಹುಡುಗರ ಮಾತಿಗೆ. ಒಬ್ಬನು ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ. ಅವನ ಬೆರಳಿಗೆಲ್ಲ ಕಪ್ಪು ಬಣ್ಣ ಮೆತ್ತಿತ್ತು.

“ಡ್ರಿಲ್ ಮೇಷ್ಟ್ರು ನಿಮ್ಮ ಮಾವನ ಸಲೂನಿಗೇ ಬಂದಿದ್ರಾ?”

“ಬಂದ್ರು. ನಾಳೆ ಸ್ಕೂಲ್ ಫೋಟೋ ಅಲ್ವಾ, ತಲೆಗೆ ಡೈ ಹಾಕು ಅಂದ್ರು. ನನ್ನ ಟೋಪಿ ನೋಡಿ ನಕ್ಕರು ಬೇರೆ.”

“ಹಾಕಿದ್ಯಾ?”

“ಅರ್ಧ ತಲೆಗೆ ಹಾಕಿದೆ. ಅಷ್ಟರಲ್ಲಿ ಆರು ಗಂಟೆ ಆಯ್ತು, ಬ್ರಷ್ ಕೆಳಗಿಟ್ಟೆ.”

“ಯಾಕೋ?”

“ಆರರ ಮೇಲೆ ಕೆಲಸ ಮಾಡಿದ್ರೆ ಸ್ಕೂಲಿಂದ ಆಚೆ ಅಂತ ರೂಲ್ಸ್ ಮಾಡಿದ್ದು ಅವರೇ ತಾನೇ.”

“ನಿಮ್ಮ ಮಾವ ಸುಮ್ನಿದ್ರಾ?”

“ಅಂಗಡೀಲಿ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ರು. ಆಚೆ ಹೋಗಿದ್ರು. ಮೇಷ್ಟ್ರು ‘ಇನ್ನರ್ಧ ಯಾರೋ ಹಾಕೋದು’ ಅಂತ ಕೂಗಾಡಿದ್ರು. ಬೆಳಿಗ್ಗೆ ಪ್ರೇಯರಲ್ಲಿ ಎಲ್ಲರೆದುರು ನನ್ನ ಅರ್ಧ ತಲೆ ಕೂದಲಿಗೆ ಕತ್ತರಿ ಹಾಕಿ ಇದೇ ಮೇಷ್ಟ್ರು ಏನಂದಿದ್ರು ಹೇಳು?”

“‘ಇನ್ನರ್ಧ ನಿನ್ನ ಅಂಗಡೀಲೇ ಮುಗಿಸ್ಕೋ’ ಅಂದಿದ್ರು.”

“ಅದನ್ನೇ ವಾಪಸ್ ಕೊಟ್ಟೆ. ‘ಇನ್ನರ್ಧ ನಿಮ್ಮ ಸ್ಕೂಲಲ್ಲೇ ಮುಗಿಸ್ಕೊಳ್ಳಿ ಸಾರ್’ ಅಂದೆ.”

ಬಸ್ಸು ನಿಂತಿತು. ಹುಡುಗ ಏಳುತ್ತಾ ಟೋಪಿ ತೆಗೆದ. ಒಂದು ಕಡೆ ಗುಂಗುರು ಕೂದಲು, ಇನ್ನೊಂದು ಕಡೆ ಅಡ್ಡಾದಿಡ್ಡಿ ಕತ್ತರಿಸಿದ ಬೋಳು.

“ಸಲೂನಲ್ಲೇ ಇದ್ದೀಯ, ಇದನ್ನ ಸರಿ ಮಾಡಿಸ್ಕೋಬಾರ್ದಾ?”

“ನಾಳೆ ಆದ್ಮೇಲೆ. ಫೋಟೋದಲ್ಲಿ ಅವರ ಪಕ್ಕಾನೇ ನಿಂತ್ಕೋತೀನಿ” ಎನ್ನುತ್ತಾ ಅವನು ಇಳಿದು ಹೋದ.