ಎರಡು ಸಲ ಬಿದ್ದ ಉಪ್ಪು

ತಾಯಂದಿರೇ, ಶರಣ ಬಂಧುಗಳೇ, ಮುಂದಿನ ಸಾಲಿನಲ್ಲಿ ಫೋನನ್ನು ತೊಡೆಯ ಕೆಳಗೆ ಮುಚ್ಚಿಟ್ಟುಕೊಂಡು ಕೂತಿರುವ ಕಾಲೇಜಿನ ಮಕ್ಕಳೇ,

ಬರೆಯುವವರಿಗೆ ಕರುಣೆ ಏಕೆ ಬೇಕು ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಸುದ್ದಿ ಅಂದರೆ ಸುದ್ದಿ, ಅದರಲ್ಲಿ ಕರುಣೆ ಎಲ್ಲಿಂದ ಬಂತು ಎಂದಿರಿ. ಒಳ್ಳೆಯ ಪ್ರಶ್ನೆ. ಉತ್ತರವಾಗಿ ನಿಮ್ಮನ್ನು ಒಂದು ಮದುವೆ ಊಟಕ್ಕೆ ಕರೆದುಕೊಂಡು ಹೋಗುತ್ತೇನೆ, ಬನ್ನಿ.

ಒಂದೂರಲ್ಲಿ ಒಬ್ಬ ಸಾಹುಕಾರ. ಅವನಿಗೆ ಹೊಲ ಇತ್ತು, ಗಿರಣಿ ಇತ್ತು, ಇವೆಲ್ಲದರ ಮೇಲೆ ಒಂದು ಪತ್ರಿಕೆಯೂ ಇತ್ತು. ಆ ಪತ್ರಿಕೆಯನ್ನು ಜನ ಹಿಂದಿನ ಪುಟದಿಂದ ಓದುತ್ತಿದ್ದರು. ಏಕೆ ಗೊತ್ತೇ? ಹಿಂದಿನ ಪುಟದ ಮೂಲೆಯಲ್ಲಿ ‘ಜಾರುಬಂಡೆ’ ಎಂಬ ಅಂಕಣ. ಊರಲ್ಲಿ ನಿನ್ನೆ ಯಾರು ಜಾರಿಬಿದ್ದರು ಎಂಬುದೇ ಅದರ ವಿಷಯ. ಭಾಷಣದ ನಡುವೆ ಮಾತು ಮರೆತ ಅಧ್ಯಕ್ಷರು, ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋದ ಮೇಷ್ಟ್ರು. ಊರೆಲ್ಲ ಓದುತ್ತಿತ್ತು, ಊರೆಲ್ಲ ನಗುತ್ತಿತ್ತು. ನೋಡಿ, ಊರೆಲ್ಲ ಹೆದರುತ್ತಲೂ ಇತ್ತು. ನಾಳೆ ನನ್ನ ಸರದಿಯೇನೋ ಎಂದು.

ಆ ಪತ್ರಿಕೆಗೆ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಆಗತಾನೇ ಓದು ಮುಗಿಸಿದವಳು, ಚುರುಕಾದ ಕೈ. ಅದೇ ವಾರ ಸಾಹುಕಾರನ ಮಗಳ ಮದುವೆ. ಅಡುಗೆಗೆ ಬಂದದ್ದು ಊರಿನ ಹಿರಿಯ ಅಡುಗೆಯವನು ಮತ್ತು ಅವನ ಹೆಂಡತಿ. ಆ ಊರಿನ ಕೇರಿಗಳಲ್ಲಿ ಯಾರ ಮನೆಯ ಮದುವೆಯಾದರೂ ಒಲೆ ಹೊತ್ತಿಸುತ್ತಿದ್ದದ್ದು ಇವರೇ. ಅವನದು ಸೌಟು, ಆಕೆಯದು ಉಪ್ಪು. ಉಪ್ಪನ್ನು ಯಾವತ್ತೂ ಆಕೆಯೇ ಹಿಡಿಯಲ್ಲಿ ತೆಗೆದು ಹಾಕಬೇಕು.

ಇನ್ನೊಂದು ಮಾತು ನಿಮಗೆ ಗೊತ್ತಿದೆ. ದೇವರಿಗೆ ಎಡೆ ಹಿಡಿಯುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಕೈಯ ಅಂದಾಜಿನಲ್ಲೇ ಎಲ್ಲ ನಡೆಯಬೇಕು. ಆವತ್ತು ಕೈ ತಪ್ಪಿತು. ಕಟ್ಟಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಪಂಕ್ತಿ ಕೂತಿತು. ಮೊದಲ ಪಂಕ್ತಿಯಲ್ಲಿ ಹೊಸ ಬೀಗರು. ಮೊದಲ ತುತ್ತಿಗೇ ಬೀಗರ ಮೀಸೆ ನೆಟ್ಟಗಾಯಿತು. ಆದರೆ ಹೇಳುವುದು ಹೇಗೆ? ಹೆಣ್ಣಿನ ಕಡೆಯವರ ಮನೆ, ಹೊಸ ಸಂಬಂಧ. ಸಾರು ಹೇಗಿದೆ ಎಂದು ಸಾಹುಕಾರ ಕೈಮುಗಿದು ಕೇಳಿದರೆ, ಬಹಳ ರುಚಿ ಎಂದು ಬೀಗರು ಒಂದು ತಂಬಿಗೆ ನೀರು ಕುಡಿದರು. ಅವರು ರುಚಿ ಎಂದ ಮೇಲೆ ಪಕ್ಕದವರು ಬಿಡಲಾದೀತೇ? ಅವರೂ ರುಚಿ ಎಂದರು, ಅವರೂ ನೀರು ಕುಡಿದರು. ಸಾರಿನ ಬಕೆಟ್ಟು ಕಂಡರೆ ಎಲೆಗೆ ಎರಡೂ ಕೈ ಅಡ್ಡ, ನೀರಿನ ಜಗ್ಗು ಕಂಡರೆ ಎಲ್ಲರ ಕೈ ಮೇಲೆ. ಕೊನೆಯ ಪಂಕ್ತಿಯಲ್ಲಿ ಕೂತು ತಾನೇ ಉಂಡಾಗಲೇ ಸಾಹುಕಾರನಿಗೆ ಸಂಗತಿ ತಿಳಿದದ್ದು.

ನಗುತ್ತಿದ್ದೀರಿ. ನಗಿ, ನಗಿ. ಈ ನಗುವನ್ನು ಮಾತ್ರ ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ.

ಸಾಹುಕಾರನಿಗೆ ಅವಮಾನವಾಯಿತು. ತಪ್ಪು ತನ್ನದಲ್ಲ, ಅಡುಗೆಯವನದು ಎಂದು ಬೀಗರ ಊರಿಗೂ ತಿಳಿಯಲಿ ಎಂದುಕೊಂಡ. ಹುಡುಗಿಗೆ ಹೇಳಿದ, ಹುಡುಗಿ ಬರೆದಳು. ‘ಮದುವೆ ಮನೆಯಲ್ಲಿ ಸಮುದ್ರದ ಸಾರು’ ಎಂದು ತಲೆಬರಹ ಕೊಟ್ಟಳು. ಎಷ್ಟು ಚೆನ್ನಾಗಿ ಬರೆದಳೆಂದರೆ ಜನ ಓದಿದ್ದನ್ನು ಫೋಟೋ ಹೊಡೆದು ಊರೂರಿಗೆ ಕಳಿಸಿದರು. ಅಡುಗೆಯವನಿಗೆ ಹೊಸ ಹೆಸರು ಬಂತು, ಉಪ್ಪಿನ ಕಾಕಾ. ಯಾರೋ ರಸಿಕರು ಖಾಲಿ ಉಪ್ಪಿನ ಚೀಲವನ್ನು ಅವನ ಮನೆಯ ಕಟ್ಟೆಯ ಮೇಲಿಟ್ಟು ಹೋದರು. ಅಡುಗೆ ಹೇಳಿದವರೆಲ್ಲ ಒಬ್ಬೊಬ್ಬರಾಗಿ ಬಂದು, ನಮಗೆ ಬೇರೆಯವರು ಸಿಕ್ಕಿದ್ದಾರೆ ಎಂದರು.

ಸಾಹುಕಾರನಿಗೆ ಇನ್ನೂ ಹಸಿವು. ಓದುಗರು ಕೇಳುತ್ತಿದ್ದಾರೆ, ಈಗ ಅವನ ಮುಖ ಹೇಗಿದೆಯೋ ಒಂದು ಫೋಟೋ ತಾ ಎಂದು ಹುಡುಗಿಯನ್ನು ಕಳಿಸಿದ.

ಹುಡುಗಿ ಹೋದಳು. ಅಂಗಳದಲ್ಲಿ ಕೊಪ್ಪರಿಗೆಗಳು ಬೋರಲು ಬಿದ್ದಿದ್ದವು. ಒಂದರ ಮೇಲೆ ಕೋಳಿ ಕಾವಿಗೆ ಕೂತಂತೆ ಕೂತಿತ್ತು. ಅಡುಗೆಯವನು ಅವಳನ್ನು ಕಂಡು ಕೇಳಿದ ಮೊದಲ ಮಾತು ಏನಿರಬಹುದು? ಏಕೆ ಹಾಗೆ ಬರೆದೆ ಎಂದನೇ? ಇಲ್ಲ.

“ಊಟ ಆತೇನು ತಂಗಿ?” ಎಂದ.

ಬರೆದವಳು ಇವಳೇ ಎಂದು ಅವನಿಗೆ ಗೊತ್ತಿತ್ತು, ಆದರೂ ಅಷ್ಟೇ ಕೇಳಿದ. ಹೆಂಡತಿಯನ್ನು ಕರೆದು ಮಜ್ಜಿಗೆ ಕೊಡಲು ಹೇಳಿದ. ಆಕೆ ಮಜ್ಜಿಗೆ ಕಡೆದಳು, ಚಿಟಿಕೆ ಉಪ್ಪು ಹಾಕಿದಳು, ಕರಿಬೇವು ಕಿತ್ತು ತರಲು ಹಿತ್ತಲಿಗೆ ಹೋಗಿ ಬಂದಳು. ಬಂದವಳು ಮತ್ತೊಂದು ಚಿಟಿಕೆ ಉಪ್ಪು ಹಾಕಿದಳು.

ಹುಡುಗಿ ನೋಡಿದಳು. ಹುಡುಗಿ ನೋಡಿದ್ದನ್ನು ಅಡುಗೆಯವನೂ ನೋಡಿದ. ತಟ್ಟನೆ ಆ ಲೋಟವನ್ನು ತಾನೇ ಎತ್ತಿ ಗಟಗಟ ಕುಡಿದು, “ಬಾಳ ಛಲೋ ಆಗೇತಿ, ಈಕಿಗೂ ಒಂದು ಲೋಟ ಮಾಡು” ಎಂದ. ಆಮೇಲೆ ಹುಡುಗಿಯನ್ನು ಬಾಗಿಲಾಚೆ ಕರೆದು ಮೆಲ್ಲಗೆ ಹೇಳಿದ.

“ತಪ್ಪು ನಂದ ಅಂತನ ಇರ್ಲಿ ತಂಗಿ. ಆಕಿ ಹೆಸರು ಎತ್ತಬ್ಯಾಡ. ಆಕಿಗೆ ಮರವು ಬಂದದ್ದು ಆಕಿಗೇ ಗೊತ್ತಿಲ್ಲ.”

ಈಗ ಹೇಳಿ ಮಕ್ಕಳೇ. ಅವಳ ಕೈಯಲ್ಲಿ ಈಗ ಮೊದಲಿಗಿಂತ ದೊಡ್ಡ ಸುದ್ದಿ ಇದೆ, ಅದೂ ನಿಜವಾದ ಸುದ್ದಿ. ಬರೆದರೆ ಗಂಡನ ಮರ್ಯಾದೆ ಉಳಿಯುತ್ತದೆ, ಹೆಂಡತಿಯದು ಹೋಗುತ್ತದೆ. ಬಿಟ್ಟರೆ ಆ ಮನೆಯ ಒಲೆ ಮತ್ತೆ ಹೊತ್ತುವುದಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹುಡುಗಿಗೂ ತಿಳಿಯಲಿಲ್ಲ. ಫೋನು ಕೈಯಲ್ಲೇ ಇತ್ತು, ಕೈ ಮೇಲೇಳಲಿಲ್ಲ.

ಒಳಗಿನಿಂದ ಹೆಂಡತಿಯ ದನಿ ಕೇಳಿತು. “ನನಗ ಮರವು ಬಂದೈತಿ, ಕಿವುಡು ಬಂದಿಲ್ಲ. ಇಬ್ಬರೂ ಒಳಗ ಬರ್ರಿ.”

ನೋಡಿ, ಆಕೆಗೆ ಎಲ್ಲ ಗೊತ್ತಿತ್ತು. ಗಂಡನಿಗೆ ನೋವಾದೀತೆಂದು ಆಕೆ ಮುಚ್ಚಿಟ್ಟಿದ್ದಳು, ಹೆಂಡತಿಗೆ ನೋವಾದೀತೆಂದು ಅವನು ಮುಚ್ಚಿಟ್ಟಿದ್ದ. ಹೀಗೆ ಆ ಮನೆಯಲ್ಲಿ ಇಬ್ಬರೂ ಉಪ್ಪು ಮಜ್ಜಿಗೆಯನ್ನು ಛಲೋ ಛಲೋ ಎಂದು ಕುಡಿಯುತ್ತಿದ್ದರು.

ಹುಡುಗಿ ನೆಲದ ಮೇಲೆ ಕೂತಳು. ಬರೆಯಲೋ ಬೇಡವೋ ನೀವೇ ಹೇಳಿ ಎಂದು ಆಕೆಯನ್ನೇ ಕೇಳಿದಳು. ಬರಿ, ಆದರೆ ನಾನು ಹೇಳಿದ ಹಾಗೆ ಬರಿ ಎಂದಳು ಆಕೆ. ಹೇಳುತ್ತ ಹೋದಳು. ಯಾವ ಊರಲ್ಲಿ ಯಾವ ಮದುವೆಗೆ ಎಷ್ಟು ದೊಡ್ಡ ಕೊಪ್ಪರಿಗೆ ಇಟ್ಟಿದ್ದರು, ಯಾವ ಮದುಮಗ ಎಷ್ಟು ಹೋಳಿಗೆ ತಿಂದು ಅಕ್ಷತೆಗೆ ಏಳಲಾರದೆ ಹೋದ, ಮರವು ಬಂದು ಆವತ್ತು ಉಪ್ಪು ಎರಡು ಸಲ ಬಿದ್ದದ್ದು ಹೇಗೆ, ಎಲ್ಲ. ಬರೆದು ಮುಗಿಸಿದ ಹುಡುಗಿ ಹೊರಡಲಿಲ್ಲ. ಬರೆದದ್ದನ್ನು ಅವರಿಬ್ಬರ ಮುಂದೆ ಓದಿದಳು. ಮೊದಲ ಸಾಲಿನಲ್ಲೇ ಆಕೆ ತಡೆದಳು.

“ಆ ‘ಪಾಪ’ ಅನ್ನೂದು ತಗಿ. ನಾ ಏನು ಗೂಡಿಂದ ಬಿದ್ದ ಗುಬ್ಬಿಮರಿ ಅಲ್ಲ.”

ಹುಡುಗಿ ತೆಗೆದಳು. ಓದಿ ಮುಗಿಸಿದಾಗ, ಕೊನೆಗೆ ಇನ್ನೊಂದು ಮಾತು ಸೇರಿಸು ಎಂದು ಆಕೆಯೇ ಹೇಳಿ ಬರೆಸಿದಳು.

“ಇನ್ನ ಮ್ಯಾಲೆ ಉಪ್ಪು ಅವರು ಹಾಕ್ತಾರ, ಬೆಲ್ಲ ನಾ ಹಾಕ್ತೀನಿ. ಎರಡು ಸಲ ಬಿದ್ರೂ ಯಾರೂ ಬೈಯೂದಿಲ್ಲ.”

ಅದನ್ನು ಕೇಳಿ ಗಂಡ ನಕ್ಕ. ನಗುತ್ತ ನಗುತ್ತ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ. ಫೋಟೋಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಹುಡುಗಿ ತೆಗೆಯಲಿಲ್ಲ. ಆಮೇಲೆ ಅವರ ಒಪ್ಪಿಗೆ ಕೇಳಿ, ಇಬ್ಬರನ್ನೂ ಕೊಪ್ಪರಿಗೆಯ ಪಕ್ಕ ನಿಲ್ಲಿಸಿ ತೆಗೆದಳು. ಕೋಳಿ ಏಳಲು ಒಪ್ಪದ್ದರಿಂದ ಅದೂ ಫೋಟೋದಲ್ಲಿ ಬಂತು.

ಸಾಹುಕಾರ ಓದಿದ. ಇದರಲ್ಲಿ ಜಾರಿದವರು ಎಲ್ಲಿ, ಇದನ್ನು ಯಾರು ಓದುತ್ತಾರೆ ಎಂದ.

“ಅವರಿಬ್ಬರು ಓದ್ತಾರ್ರಿ,” ಎಂದಳು ಹುಡುಗಿ. “ಮೊದಲಿನದೂ ಓದಿದ್ರು.”

ಸಾಹುಕಾರ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡ. ಪತ್ರಿಕೆ ನಡೆಸಿದಷ್ಟು ಕಾಲದಲ್ಲಿ ಜಾರಿದವರೂ ಜಾರುಬಂಡೆಯನ್ನು ಓದುತ್ತಾರೆ ಎಂಬ ಯೋಚನೆ ಅವನಿಗೆ ಬಂದಿರಲೇ ಇಲ್ಲ. ಅದೇ ಮೂಲೆಯಲ್ಲಿ ಅಚ್ಚು ಹಾಕಿಸಿದ.

ಮಾರನೆಯ ದಿನ ಸಾಹುಕಾರನಿಗೆ ಮೊದಲು ಫೋನು ಮಾಡಿದ್ದು ಯಾರು? ಬೀಗರು. ಆವತ್ತು ನೀರು ಕುಡಿದು ಸುಳ್ಳು ಹೇಳಿದೆವು, ಕ್ಷಮಿಸಬೇಕು, ಸೊಸೆಯ ಸೀಮಂತಕ್ಕೆ ಗೋಧಿ ಹುಗ್ಗಿ ಆ ಅಡುಗೆಯವರಿಂದಲೇ ಆಗಬೇಕು ಎಂದರು. ಸೊಸೆ ಮನೆಗೆ ಬಂದು ಇನ್ನೂ ಅರಿಸಿನ ಆರಿರಲಿಲ್ಲ, ಸೀಮಂತಕ್ಕೆ ಅಡುಗೆ ಹೇಳಿಬಿಟ್ಟರು. ಊರವರೂ ಬಂದರು. ಬಂದವರೆಲ್ಲರದೂ ಒಂದೇ ಬೇಡಿಕೆ, ಬೆಲ್ಲ ಮಾತ್ರ ಅವ್ವನ ಕೈಯಿಂದಲೇ ಬೀಳಬೇಕು. ಬೋರಲು ಬಿದ್ದ ಕೊಪ್ಪರಿಗೆಗಳೆಲ್ಲ ಎದ್ದು ಕೂತವು. ಕೋಳಿಗೆ ಮಾತ್ರ ಜಾಗ ಹೋಯಿತು.

ಈಗ ನೀವು ಎರಡು ಸಲ ನಕ್ಕಿರಿ. ಬೀಗರ ನೀರಿನ ತಂಬಿಗೆಗೆ ಒಮ್ಮೆ, ಅವ್ವನ ಬೆಲ್ಲಕ್ಕೆ ಒಮ್ಮೆ. ಕೇಳುತ್ತೇನೆ ಎಂದಿದ್ದೆನಲ್ಲ, ಎರಡೂ ಒಂದೇ ನಗುವೇ? ಮೊದಲು ನಗುವಾಗ ಅಡುಗೆಯವನು ನಮ್ಮ ಜೊತೆ ಇರಲಿಲ್ಲ. ಎರಡನೆಯ ಸಲ ಅವನೂ ನಮ್ಮ ಪಂಕ್ತಿಯಲ್ಲೇ ಕೂತು ನಕ್ಕ. ಕರುಣೆ ಎಂದರೆ ಮುಖ ಜೋಲು ಹಾಕುವುದು ಎಂದು ತಿಳಿಯಬೇಡಿ. ಯಾರ ಸುದ್ದಿಯೋ ಅವರಿಗೂ ಒಂದು ಎಲೆ ಹಾಕಿ ಕೂರಿಸುವುದು, ಅಷ್ಟೇ.

ಪತ್ರಿಕೆ ನಡೆಸುವವರಿಗೆ ಮಾತ್ರ ಈ ಮಾತು ಎಂದುಕೊಂಡು ಹಿಂದೆ ಕೂತ ತಾಯಂದಿರು ಸಮಾಧಾನ ಪಡಬೇಡಿ. ನಿಮ್ಮ ಫೋನಿನಲ್ಲೂ ಒಂದು ಜಾರುಬಂಡೆ ಇದೆ. ಓಣಿಯ ಗುಂಪಿನಲ್ಲಿ ದಿನವೂ ಯಾರನ್ನೋ ಅದರ ಮೇಲಿಂದ ತಳ್ಳುತ್ತೇವೆ. ಅಡುಗೆಯವರು ಎಡೆಗೆ ಮುಂಚೆ ರುಚಿ ನೋಡುವಂತಿಲ್ಲ, ಅದು ಅವರ ನೇಮ. ಬರೆಯುವವರು, ಕಳಿಸುವವರು ನೋಡಲೇಬೇಕು, ಇದು ನಮ್ಮ ನೇಮವಾಗಲಿ. ಆ ಸುದ್ದಿಯಲ್ಲಿರುವ ಹೆಸರು ತೆಗೆದು ನಿಮ್ಮ ತಾಯಿಯ ಹೆಸರು ಇಟ್ಟು ಓದಿ. ನಾಲಿಗೆ ಸುಟ್ಟರೆ ಉಪ್ಪು ಹೆಚ್ಚಾಗಿದೆ ಎಂದು ತಿಳಿಯಿರಿ. ಮಕ್ಕಳೇ, ನಾಳೆ ನಿಮ್ಮ ಕಾಲೇಜಿನ ಗೋಡೆ ಪತ್ರಿಕೆಗೆ ಒಬ್ಬರ ಬಗ್ಗೆ ಬರೆದರೆ ಅಂಟು ಹಚ್ಚುವ ಮುಂಚೆ ಅವರ ಮುಂದೆ ಕೂತು ಓದಿ. ಅಧಿಕಾರದಲ್ಲಿದ್ದು ತಪ್ಪು ಮಾಡಿದವರಾದರೂ ಸರಿ, ಅವರ ಮುಖ ನೋಡಿ ಓದಬಲ್ಲಷ್ಟು ನಿಜವನ್ನೇ ಬರೆಯಿರಿ. ಬಡವರ ಬಗ್ಗೆ ಬರೆದರೆ ಆ ‘ಪಾಪ’ವನ್ನು ತೆಗೆದುಬಿಡಿ.

ದಾಸೋಹದ ಗಂಟೆ ಹೊಡೆಯುತ್ತಿದೆ, ಏಳಿ. ಒಳಗೆ ಇವತ್ತು ಕಟ್ಟಿನ ಸಾರೇ ಆಗಿದೆ. ಉಪ್ಪು ಹೆಚ್ಚಾಗಿದ್ದರೆ ಯಾರೂ ಫೋನು ತೆಗೆಯಬೇಡಿ, ರುಚಿ ಎಂದು ಸುಳ್ಳೂ ಹೇಳಬೇಡಿ. ಎದ್ದು ಹೋಗಿ ಬಡಿಸುವ ತಾಯಿಯ ಕಿವಿಯಲ್ಲಿ ಹೇಳಿ. ಒಂದು ಕೊಡ ಬಿಸಿನೀರು ಬೆರೆಸಿ, ಆ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರೂ ಉಣ್ಣೋಣ.