ಡಾಮಿನೇಟಿಂಗ್ ಅಂತೆ!

ಡಾಮಿನೇಟಿಂಗ್ ಅಂತೆ! ಥೂ! ಆ ಶಬ್ದ ಓದಿದ್ದಕ್ಕೆ ಬಾಯಿ ತೊಳೀಬೇಕು ಅಂತ ಆಗ್ತದೆ ನನಗೆ. ಇನ್ನೊಮ್ಮೆ ತೋರಿಸು ಮೊಬೈಲು… ಬೇಡ, ಬೇಡ, ತೆಗಿ ಅತ್ಲಾಗೆ. ‘ಯುವರ್ ಫ್ಯಾಮಿಲಿ ಈಸ್ ಟೂ ಡಾಮಿನೇಟಿಂಗ್. ಬಿ ಹ್ಯಾಪಿ.’ ಆಯ್ತು, ಕತೆ ಮುಗೀತು! ಅಷ್ಟು ಸಮಯ ಒಟ್ಟಿಗೆ ತಿರುಗಿ, ಮದುವೆ ಆಗ್ತೇನೆ ಅಂತ ಹೇಳಿ, ಕಡೆಗೆ ಇಷ್ಟೇ ಇಷ್ಟು ಮೆಸೇಜು! ಫೋನು ಮಾಡಿದರೆ ಎತ್ತುದಿಲ್ಲ. ಗಂಡಸಾ ಅವನು, ಆ ಹಿತೇಶ? ಛೀ!

ನೀನು ತಿನ್ನು ಲಾವಣ್ಯಾ. ನೀರುದೋಸೆ ತಣಿದರೆ ರಬ್ಬರ್ ಆಗ್ತದೆ. ಎಂತ ಹಸಿವಿಲ್ಲ? ಸೋದರಮಾವನ ಹೊಟೇಲಿಗೆ ಬಂದು ಖಾಲಿ ಹೊಟ್ಟೆಯಲ್ಲಿ ಹೋಗುದಾ? ನಿನ್ನಮ್ಮ ಬೆಳಿಗ್ಗೆ ಫೋನು ಮಾಡಿ ಅತ್ತದ್ದೇ ಅತ್ತದ್ದು. ‘ಅಣ್ಣ, ಹುಡುಗಿ ಊಟ ಬಿಟ್ಟು ಕೂತಿದ್ದಾಳೆ, ನೀವೇ ಕರೆದು ಬುದ್ಧಿ ಹೇಳಿ’ ಅಂತ. ಏಯ್ ಅನಿಲಾ! ಇವಳಿಗೆ ಕಾಫಿ ಬೇಡ, ಚಾ ತಾ. ಕಾಫಿ ನೀನು ಹೇಳಿದ್ದಾ ಮಗಾ? ಇರ್ಲಿ. ಕಾಫಿ ನಿನಗೆ ಪಿತ್ತ ಆಗ್ತದೆ, ನನಗೆ ಗೊತ್ತುಂಟು. ಮತ್ತೆ ಅನಿಲಾ, ಆ ಮೇಜು ಒರೆಸುವ ಬಟ್ಟೆ ಬಿಸಾಡು ಮಾರಾಯ, ಇಲ್ಲಿವರೆಗೆ ಗಬ್ಬು ನಾತ!

ಎಂತಕ್ಕೆ ನಗುದು? ನಾನು ತಮಾಷೆ ಮಾಡಿದೆನಾ?

ಡಾಮಿನೇಟ್ ಅಂದರೆ ಎಂತ ಅಂತ ನಾನು ಹೇಳ್ತೇನೆ, ಕೇಳು. ದಾದರ್ ಸ್ಟೇಷನಿನಲ್ಲಿ ಟ್ರೈನಿನಿಂದ ಇಳಿಯುವವರನ್ನು ಇಳಿಯಲಿಕ್ಕೆ ಬಿಡದೆ ಲೋಕಲ್‌ನ ಬಾಗಿಲಿಗೆ ಅಡ್ಡ ನಿಲ್ಲುವ ಗ್ಯಾಂಗ್ ಉಂಟಲ್ಲ, ಅದು ಡಾಮಿನೇಟ್. ನಮ್ಮ ಬಿಲ್ಡಿಂಗಿನ ಸೆಕ್ರೆಟರಿ, ಪಾಪ, ಕೆಲಸದ ರಾಚವ್ವನನ್ನು ಲಿಫ್ಟಿಗೆ ಹತ್ತಲಿಕ್ಕೆ ಬಿಡುದಿಲ್ಲ, ಅದು ಡಾಮಿನೇಟ್! ಟಿವಿಯಲ್ಲಿ ಕ್ರಿಕೆಟಿನವರು ಹೇಳಿದರೆ ಮಾತ್ರ ಒಳ್ಳೇ ಮಾತು. ಇಂಡಿಯಾ ಡಾಮಿನೇಟ್ ಮಾಡ್ತು ಅಂತ ಎಲ್ಲರೂ ಚಪ್ಪಾಳೆ ತಟ್ಟುದು. ಮನೆಯ ಹಿರಿಯ ಒಂದು ಮಾತು ಹೇಳಿದರೆ? ಬೈಗುಳ! ನಮ್ಮಲ್ಲಿ ಅದಕ್ಕೆ ಯಜಮಾನಿಕೆ ಅಂತ ಹೇಳುದು. ತಂಗಿಯ ಮಕ್ಕಳು ಅಂದರೆ ಮಾವನ ಜವಾಬ್ದಾರಿ. ನಿನ್ನಪ್ಪ ಹೋದ ಮೇಲೆ ನಿನ್ನ ಶಾಲೆ ಯಾರು ನೋಡಿದ್ದು? ಕಾಲೇಜು? ಡ್ರಾಯಿಂಗ್ ಕಲಿತೇನೆ ಅಂತ ಹಠ ಹಿಡಿದಾಗ ಬಿ.ಕಾಂಗೆ ಸೇರಿಸಿದ್ದು ಯಾರು? ಅದು ಡಾಮಿನೇಟಾ? ಹೇಳು!

ಮೊದಲು ಆ ದೋಸೆ ತಿನ್ನು, ಆಮೇಲೆ ಹೇಳು.

ಎಂತ? ನಾನಾ? ನಾನು ಎಲ್ಲಿ ನೋಡುದು ಅವನನ್ನು? ಒಂದು ದಿನ ಕರ್ಕೊಂಡು ಬರ್ತೇನೆ ಮಾವ ಅಂತ ಹೇಳಿದವಳು ನೀನು. ಕರ್ಕೊಂಡು ಬಂದಿಯಾ? ಅವನು ಕಪ್ಪೋ ಬಿಳಿಯೋ ನನಗೆ ಗೊತ್ತಿಲ್ಲ. ಆಣೆ ಬೇಕಾ? ಈ ಗಲ್ಲಾಪೆಟ್ಟಿಗೆಯ ಆಣೆ, ಸಾಕಾ?

ನೋಡು ಮಗಾ, ಹೋದದ್ದೇ ಒಳ್ಳೇದಾಯ್ತು. ಮನುಷ್ಯ ಎಂಥವ ಅಂತ ಅವನು ತಿನ್ನುದರಲ್ಲಿ ಗೊತ್ತಾಗ್ತದೆ. ಇಷ್ಟು ವರ್ಷ ಗಲ್ಲಾದಲ್ಲಿ ಕೂತು ನಾನು ನೋಡಿದ್ದು ಮತ್ತೆಂತ? ಮಸಾಲೆ ದೋಸೆಯ ನಡು ಹರಿದು ಪಲ್ಯ ಮಾತ್ರ ಬಗೆದು ತಿನ್ನುದು, ಅಂಚು ಇಡೀ ಬಿಡುದು, ಕಡೆಗೆ ತಟ್ಟೆಯಲ್ಲೇ ಕೈ ತೊಳೆಯುದು… ವ್ಯಾಕ್! ಅದೂ ಎಡಗೈ! ಎಡಗೈಯಲ್ಲಿ ದೋಸೆ ತಿನ್ನುವವನಿಗೆ ನನ್ನ ತಂಗಿಯ ಮಗಳನ್ನು…

ಎಂತ? ಯಾಕೆ ಹಾಗೆ ನೋಡ್ತೀ?

ಅವನು ಎಡಗೈಯವನಾ? ಹೌದಾ? ನನಗೆಂತ ಗೊತ್ತು! ನಾನು… ನಾನು ಗಿರಾಕಿಗಳ ಮಾತು ಹೇಳಿದ್ದು. ಸುಮ್ಮನೆ. ದಿನಕ್ಕೆ ಎಷ್ಟು ಜನ ಬರ್ತಾರೆ ಇಲ್ಲಿಗೆ…

ಲಾವಣ್ಯಾ! ಕಣ್ಣು ತೆಗಿ ನನ್ನ ಮೇಲಿಂದ.

ಸರಿ. ಬಂದಿದ್ದ. ನಾನೇನೂ ಕರೆದದ್ದಲ್ಲ! ವಿಕ್ರೋಳಿಯಿಂದ, ಆಫೀಸು ಬಿಟ್ಟು, ಅವನೇ ಬಂದದ್ದು. ‘ಅಂಕಲ್, ಆಪ್ ಕಾ ಆಶೀರ್ವಾದ್ ಚಾಹಿಯೇ’ ಅಂತ ಕಾಲು ಮುಟ್ಟಿದ. ಕೂರಿಸಿದೆ. ತಿನ್ನಿಸಿದೆ. ಆಮೇಲೆ… ಊರಲ್ಲಿ ನಿನಗೆ ಸಂಬಂಧ ನಿಶ್ಚಯ ಆಗಿದೆ, ನೀನೂ ಒಪ್ಪಿದ್ದೀ, ಅವನಿಗೆ ಹೇಳಲಿಕ್ಕೆ ನಿನಗೆ ಬಾಯಿ ಬರುದಿಲ್ಲ ಅಂತ ಹೇಳಿದೆ. ಅಷ್ಟೇ! ಒಂದು ಮಾತು! ಅವನು ನಂಬಿದ. ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ನಂಬಿದ್ದು ನನ್ನ ತಪ್ಪಾ?

ಎಲ್ಲಿಗೆ ಎದ್ದದ್ದು? ಕೂತ್ಕೋ. ಚಾ ಬರ್ತಾ ಉಂಟು.

ಕೂತ್ಕೋ ಅಂದೆ!

ಬೈಯುದಾದರೆ ಬೈ ಮಾರಾಯ್ತಿ, ನಾನು ಕೇಳ್ತೇನೆ. ಹೀಗೆ ಎದ್ದು ಹೋಗಬೇಡ… ಚೀಲ ಕೆಳಗಿಡು… ಮಗಾ…

ಆಯ್ತು, ಹೋಗು! ನಾನೇ ಹೇಳ್ತಿದ್ದೇನೆ, ಹೋಗು ಅಂತ. ಕೇಳಿತಾ? ನಾನು ಹೇಳಿದ್ದಕ್ಕೆ ನೀನು ಹೋಗ್ತಿರುದು!